ನಿಂಬೆಹಣ್ಣು ಕಟ್ಟಿದ ಬೋಲ್ಟು

ಕಾನಹೊಸಹಳ್ಳಿಯ ಏಕಾಂತಪ್ಪನವರು ಹಳೇ ಕಾರುಗಳ ವೈರಿಂಗ್ ಕೆಲಸದವರು. ಅವರದೊಂದು ನಿಯಮವಿದೆ: ಕೆಲಸ ಮುಗಿಯುವವರೆಗೂ ಗಾಡಿಯವರು ಪಕ್ಕದ ಸ್ಟೂಲಿನ ಮೇಲೆ ಕೂತಿರಬೇಕು. ಬಿಟ್ಟುಹೋಗಿ ಸಂಜೆ ಬರುತ್ತೇನೆಂದರೆ ಬಾನೆಟ್ಟನ್ನೇ ಎತ್ತುವುದಿಲ್ಲ. "ಬ್ಯಾನಿ ಹೆಂಗ ಸುರು ಆತು ಅನ್ನಾದು ಓಡಿಸಿದವ್ರಿಗೇ ಗೊತ್ತು" ಎನ್ನುತ್ತಾರೆ. ಕೂರುವ ಪುರುಸೊತ್ತು ಯಾರಿಗಿದೆ? ಗಿರಾಕಿಗಳು ಒಬ್ಬೊಬ್ಬರಾಗಿ ಹರಪನಹಳ್ಳಿಯ ಪ್ರವೀಣಕುಮಾರನ ಗ್ಯಾರೇಜು ಹಿಡಿದರು. ಅಲ್ಲಿ ದೋಷ ತೋರಿಸುವ ಸ್ಕ್ಯಾನರ್ ಇದೆ, ಸ್ಟೂಲಿಲ್ಲ.

ನನಗೆ ಪುರುಸೊತ್ತಿಗೇನೂ ಬರವಿಲ್ಲ. ಕೂಡ್ಲಿಗಿಯ ಮನೆಗೆ ಬೀಗ ಹಾಕುವವನೂ ನಾನೇ, ತೆಗೆಯುವವನೂ ನಾನೇ. ಕಳೆದ ತಿಂಗಳು ಹೆದ್ದಾರಿಯಲ್ಲಿ ನನ್ನ ಇಪ್ಪತ್ತು ವರ್ಷದ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ರೇಡಿಯೇಟರ್ ಫ್ಯಾನು ತಿರುಗುತ್ತಿರಲಿಲ್ಲ. ನಿಂತು ನಿಂತು ಅವರ ಅಂಗಡಿ ಮುಟ್ಟಿದೆ.

"ಈ ವಾರ ನಿಮ್ದೊಂದೇ ಗಾಡಿ, ಮೇಷ್ಟ್ರ. ಇದ್ರ ಬ್ಯಾನಿನೂ ನನಗ ಸಿಗಲಿಲ್ಲಂದ್ರ ಷಟರ್ ಎಳ್ದು ತೆಲಿಗಿಗೆ ಹೊಕ್ಕೀನಿ, ಅಕ್ಕನ ಮನಿಗೆ."

"ಅಲ್ಲೇನ್ ಮಾಡ್ತೀರಿ?"

"ಏನೈತಿ? ಎಮ್ಮಿಗೆ ವೈರಿಂಗ್ ಇರಂಗಿಲ್ಲ. ಸುಮ್ನ ಕುಂದ್ರಾದು."

ಫ್ಯೂಸ್ ನೋಡಿದರು, ಸರಿಯಿತ್ತು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಕಿತ್ತು ಹಾರ್ನಿನ ಜಾಗಕ್ಕೆ ಹಾಕಿದರು. ಹಾರ್ನು ಹೊಡೆಯಿತು, ರಿಲೇಯೂ ಸರಿ. ಬ್ಯಾಟರಿಯಿಂದ ನೇರ ಎರಡು ವೈರು ಕೊಟ್ಟಾಗ ಫ್ಯಾನು ಗಿರ್ರೆಂದಿತು. ಕಾರಿನದೇ ವೈರು ಕೊಟ್ಟರೆ ಮೌನ. ಏಕಾಂತಪ್ಪನವರ ಮುಖ ಇಳಿಯಿತು. ಕಣ್ಣು ಒಮ್ಮೆ ಷಟರಿನ ಕಡೆ ಹೋಗಿ ಬಂತು.

"ಎಂಜಿನ್ ಚಾಲೂ ಮಾಡ್ರಿ" ಎಂದು ಟೆಸ್ಟ್ ಲ್ಯಾಂಪ್ ಹಿಡಿದರು. ದೀಪ ಹತ್ತಿತು. "ಕರೆಂಟ್ ಬರಾಕತ್ತೈತಿ. ವಾಪಸ್ ಹೋಗಾಕ ದಾರಿ ಇಲ್ಲ." ಕಪ್ಪು ವೈರನ್ನು ಬೆರಳಲ್ಲೇ ತಡವುತ್ತ ಬಂಪರಿನ ಹಿಂದೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಮೇಷ್ಟ್ರ, ನಿಂಬಿಹಣ್ಣು ಕಟ್ಟಿದ್ದು ಯಾರು?"

"ನಾನೇ. ಪ್ರತಿ ಅಮಾವಾಸ್ಯೆ."

"ಯಾವ ಬೋಲ್ಟಿಗೆ ಕಟ್ಟೀರಿ ಗೊತ್ತೇನ್ರಿ?"

ಗಟ್ಟಿಯಾಗಿ ನಿಲ್ಲಲೆಂದು ತಂತಿಯಲ್ಲಿ ಪೋಣಿಸಿ, ಕೈಗೆ ಸಿಕ್ಕ ಬೋಲ್ಟಿನಡಿ ಸಿಕ್ಕಿಸುತ್ತಿದ್ದೆ. ಅದೇ ಫ್ಯಾನಿನ ಕರೆಂಟು ವಾಪಸ್ ಹೋಗುವ ಅರ್ತಿಂಗ್ ಬೋಲ್ಟು. ವರ್ಷಗಟ್ಟಲೆ ರಸ ಇಳಿದು ಅಲ್ಲಿ ಹಸಿರು ಹಿಟ್ಟಿನಂಥ ಕಿಲುಬು ಬೆಳೆದಿತ್ತು.

"ನೀವು ಹೇಳಿಕೊಡಾದು ಯಾವ ಪಾಠರಿ?"

"ವಿಜ್ಞಾನ" ಎಂದೆ. ನಿಂಬೆರಸದಲ್ಲಿ ಆಮ್ಲವಿದೆಯೆಂದು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಬರೆಸುತ್ತಿರುವವನು ನಾನು. ಏಕಾಂತಪ್ಪನವರು ಕೆಮ್ಮು ಬರುವಷ್ಟು ನಕ್ಕರು. ಆ ಅಂಗಡಿಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತೇನೋ, ಎದುರಿನ ಟೀ ಅಂಗಡಿಯ ಶಿವಮ್ಮ ಇಣುಕಿ ನೋಡಿದಳು.

ಎಂಜಿನ್ ಬಂದ್ ಮಾಡಿ ಬೋಲ್ಟು ಉಜ್ಜಿ ಬಿಗಿಯುವಷ್ಟರಲ್ಲಿ ಅದು ತಣ್ಣಗಾಗಿತ್ತು. ಮತ್ತೆ ಚಾಲೂ ಮಾಡಿ, ಬಿಸಿಯಾಗಲೆಂದು ಕಾದೆವು. ಕೊನೆಗೂ ಫ್ಯಾನು ತಾನಾಗಿಯೇ ತಿರುಗಿತು, ಎಂಜಿನ್ ತಂಪಾದ ಮೇಲೆ ನಿಂತಿತು. ಎದ್ದೆ.

"ಇನ್ನೊಂದ್ ಸಲ ತಿರಗ್ಲಿ. ಖಾತ್ರಿ ಆಗ್ಲಿ."

ಇನ್ನೊಂದು ಸಲವೂ ತಿರುಗಿತು. "ಮೂರಾದ್ರ ಚಲೋ" ಎಂದರು. ಕೂತೆ.

ಮುಂದಿನ ಅಮಾವಾಸ್ಯೆಗೆ ನಿಂಬೆಹಣ್ಣನ್ನು ದಾರದಲ್ಲಿ ನಂಬರ್ ಪ್ಲೇಟಿಗೆ ಕಟ್ಟಿದೆ. ಫ್ಯಾನು ಚೆನ್ನಾಗಿಯೇ ಇತ್ತು. ಆದರೂ ಕಾನಹೊಸಹಳ್ಳಿಯ ತನಕ ಹೋದೆ. ಷಟರ್ ಇಳಿದಿದ್ದರೆ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತು. ತೆರೆದಿತ್ತು.

"ಏನಾಗೈತ್ರಿ?"

"ಗೊತ್ತಾಗ್ತಿಲ್ಲ, ನೋಡ್ರಿ."

ಏಕಾಂತಪ್ಪನವರು ಬಗ್ಗಿ ನಿಂಬೆಹಣ್ಣು ನೋಡಿದರು, ದಾರ ನೋಡಿದರು. ಬಾನೆಟ್ ಎತ್ತಿ, ಸ್ಟೂಲನ್ನು ನನ್ನತ್ತ ಕಾಲಿನಿಂದ ಸರಿಸಿದರು.

"ಕುಂದ್ರರಿ. ಬಿಸಿ ಆಗೋಮಟ ಕಾಯ್ಬೇಕು."