ಚೈನು ಹಾಕಿಸಿದ ವಾಚು

ಅವರ ಬಲಗಣ್ಣಿನ ಸುತ್ತ ಒಂದು ದುಂಡು ಗುರುತಿತ್ತು. ದಿನವಿಡೀ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಕೂತು ಅಲ್ಲಿನ ಚರ್ಮ ತಗ್ಗಾಗಿ ಹೋಗಿತ್ತು. ಮುಖ ತೊಳೆದು ಚಹಾ ಕುಡಿಯಲು ಎದ್ದಾಗಲೂ ಆ ಕಣ್ಣು ಮಾತ್ರ ಇನ್ನೂ ಕೆಲಸದಲ್ಲಿರುವ ಹಾಗೆ ಕಾಣುತ್ತಿತ್ತು.

ಭಾಂಡುಪ್ ಸ್ಟೇಷನ್ನಿನ ಹೊರಗೆ, ಒಂದು ಹಳೆ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಅವರ ವಾಚು ರಿಪೇರಿಯ ಗಾಜಿನ ಪೆಟ್ಟಿಗೆ. ಗದಗಿನ ಕಡೆಯವರು. ಮನೆಯಲ್ಲಿ ದಖ್ಖನಿ ಉರ್ದು, ಗಿರಾಕಿಗಳ ಹತ್ತಿರ ಹಿಂದಿ, ನನ್ನ ಹತ್ತಿರ ಕನ್ನಡ. ಎಲ್ಲರಿಗೂ ಅವರು ವಾಚಿನ ಚಾಚಾ. ನಾನು ಉಡುಪಿ ಕಡೆಯಿಂದ ಬಂದು ಅಲ್ಲೇ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಸಂಜೆ ಚಾಳಿಗೆ ಹೋಗುವ ಮುನ್ನ ಅರ್ಧ ಗಂಟೆ ಅವರ ಪಕ್ಕದ ಸ್ಟೂಲಿನಲ್ಲಿ ಕೂರದಿದ್ದರೆ ನನಗೆ ದಿನ ಮುಗಿದಂತೆ ಅನಿಸುತ್ತಿರಲಿಲ್ಲ. ನನ್ನ ಮಾತು ಕೇಳಿ ಅವರು ನಗುತ್ತಿದ್ದರು. "ನಿಮ್ದು ಪುಸ್ತಕ ಓದಿದಂಗ ಐತಿ ನೋಡ್ರಿ, ರಾಯರ."

ವಾಚಿನ ಪಟ್ಟಿ ಬದಲಿಸುವುದು ಆ ಕಸಬಿನಲ್ಲಿ ಸಣ್ಣ ಕೆಲಸ. ಅವರಿಗೆ ಸಣ್ಣದಾಗಿರಲಿಲ್ಲ. "ಬಿಚ್ಚೂದು ಯಾರರ ಬಿಚ್ಚತಾರ್ರಿ. ಗೀರು ಬೀಳ್ದಂಗ ಬಿಚ್ಚಬೇಕು" ಎನ್ನುತ್ತಿದ್ದರು. ಮೊದಲು ತಮ್ಮ ಬೆರಳಿನ ಉಂಗುರ ತೆಗೆದಿಡುವರು. ಆಮೇಲೆ ಗಿರಾಕಿಯ ಕೈಗೇ ಭೂತಗನ್ನಡಿ ಕೊಟ್ಟು, ಕೇಸಿನ ಮೇಲೆ ಮೊದಲೇ ಇದ್ದ ಗೀರುಗಳನ್ನು ಒಂದೊಂದಾಗಿ ತೋರಿಸಿ ಒಪ್ಪಿಸುವರು. ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬುಗಳಿಗೆ ಔಷಧದಂಗಡಿಯ ಪ್ಲಾಸ್ಟರ್ ಅಂಟಿಸುವರು. "ನಮ್ ದವಾಖಾನಿಯೊಳಗ ಗಾಯ ಆಗೂಕಿಂತ ಮೊದ್ಲ ಪಟ್ಟಿ" ಎಂದು ತಾವೇ ನಗುವರು. ಸಣ್ಣ ಸ್ಪ್ರಿಂಗ್ ಪಿನ್ನನ್ನು ಒತ್ತುವಾಗ ಮಾತ್ರ ನಗು, ಮಾತು ಎಲ್ಲ ಬಂದ್. ಲೋಕಲ್ ಬಂದರೆ ಪೆಟ್ಟಿಗೆ ಅದುರುತ್ತಿತ್ತು. ಆಗ ಕೈ ಮೇಲೆತ್ತಿ, "ತಡೀರಿ, ಗಾಡಿ ಹೋಗ್ಲಿ" ಎಂದು ಕಾಯುತ್ತಿದ್ದರು.

ನಾಲ್ಕೈದು ವರ್ಷ ಕಳೆದಿರಬೇಕು. ಒಂದು ಸಂಜೆ ಯಾವ ಗಾಡಿಯೂ ಇಲ್ಲದಾಗ ಅವರು ಕೈ ಮೇಲೆತ್ತಿಕೊಂಡು ಕೂತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು, ಗಿರಾಕಿಯನ್ನು ನಾಳೆ ಬಾ ಎಂದು ಕಳಿಸಿದರು.

"ಕೈ ನಡಗಾಕತ್ತೈತ್ರಿ, ರಾಯರ. ಯಾರ ಮುಂದೂ ಅನಬ್ಯಾಡ್ರಿ. ಮನ್ಯಾಗ ಆಕಿ ಅದಾಳ, ಗಂಡ ಸತ್ತ ಮಗಳು ಬಂದು ಕುಂತಾಳ. ಈ ಕೈ ಬಿಟ್ರ ನನ್ ಹಂತೇಕ ಏನೈತಿ?"

"ನನ್ನ ಬಾಯಿಂದ ಖಂಡಿತ ಬರುವುದಿಲ್ಲ ಚಾಚಾ" ಎಂದೆ. ಆಣೆಯನ್ನೂ ಮಾಡಿದೆ.

ಮರುವರ್ಷ ನನ್ನ ತಂಗಿಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಇಲ್ಲಿಯವರೇ ಆದ್ದರಿಂದ ನಮ್ಮ ಮನೆಯವರೆಲ್ಲ ಊರಿಂದ ನನ್ನ ಚಾಳಿಗೆ ಬಂದಿಳಿದರು. ಹುಡುಗನಿಗೆಂದು ಅಪ್ಪ ಹೊಸ ವಾಚು ತಂದಿದ್ದರು, ಚರ್ಮದ ಪಟ್ಟಿಯದು. ಮದುವೆಗೆ ಎರಡು ದಿನ ಇರುವಾಗ ಹುಡುಗನ ಸೋದರಮಾವ ತಕರಾರು ತೆಗೆದರು. "ಮಂಟಪದಲ್ಲಿ ಚರ್ಮ ಕಟ್ಟಿಕೊಂಡು ಕೂತ್ಕೊಳ್ಳುದಾ? ಚೈನು ಹಾಕ್ಸಿ ಮಾರಾಯ್ರೆ."

ದಾದರಿಗೆ ಹೋಗಿದ್ದರೆ ಯಾವ ಅಂಗಡಿಯಲ್ಲಾದರೂ ಆಗುತ್ತಿತ್ತು. ನಾನು ಚಾಚಾನ ಹತ್ತಿರವೇ ಹೋದೆ. ಬೇರೆ ಕಡೆ ಹೋದರೆ ಅವರ ಕೈಯ ಮೇಲೆ ನನಗೇ ನಂಬಿಕೆ ಇಲ್ಲ ಎಂದಾಗುತ್ತದೆ ಎಂಬ ದೊಡ್ಡಸ್ತಿಕೆ ನನ್ನದು. ಅವರು ವಾಚನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಹೊಸಾದೈತಿ. ಬ್ಯಾರೆ ಕಡೆ ಒಯ್ರಿ."

"ನಿಮ್ಮನ್ನು ಬಿಟ್ಟು ಯಾರ ಹತ್ತಿರ ಹೋಗಲಿ?" ಎಂದೆ. ಅವರು ಬೆರಳಿನ ಉಂಗುರ ತೆಗೆದಿಟ್ಟರು.

ಪ್ಲಾಸ್ಟರ್ ಅಂಟಿಸಿದರು. ಮೂರು ಗಾಡಿ ಹೋಗುವ ತನಕ ಕಾದರು. ಚರ್ಮದ ಪಟ್ಟಿ ಸಲೀಸಾಗಿ ಬಂತು. ಚೈನಿನ ತುದಿ ಮಾತ್ರ ಬಿಗಿ, ಪ್ಲಾಸ್ಟರ್ ಇದ್ದರೆ ಕೊಂಬುಗಳ ನಡುವೆ ಕೂರಲೊಲ್ಲದು. ಪ್ಲಾಸ್ಟರ್ ಕಿತ್ತು ಪಿನ್ ಒತ್ತಿದರು. ಉಪಕರಣ ಜಾರಿತು. ಹೊಳೆಯುವ ಕೇಸಿನ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಗೀರು.

"ಹೋತು" ಎಂದರು. ಅಷ್ಟೇ.

ಮರುದಿನ ಸೋದರಮಾವ ನಮ್ಮ ಚಾಳಿಗೆ ಬಂದು ವಾಚನ್ನು ಬೆಳಕಿಗೆ ಹಿಡಿದರು. "ಯಾರೋ ಕಟ್ಟಿ ಬಿಟ್ಟ ವಾಚನ್ನು ನಮ್ಮ ಹುಡುಗನಿಗೆ ಕೊಡುದಾ?" ಮಾತು ಬೆಳೆದು ಮದುವೆ ಬೇಡ ಎನ್ನುವಲ್ಲಿಗೆ ಬಂತು. ಅಪ್ಪ ಎರಡೂ ಕೈ ಜೋಡಿಸಿ ನಿಂತದ್ದನ್ನು ನೋಡಲಾಗದೆ, ಚೈನು ಹಾಕಿದವರನ್ನೇ ಕೇಳಿ ಎಂದು ಸೋದರಮಾವನನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋದೆ.

ಪಾಳಿ ಬಿಟ್ಟ ಹೊತ್ತು, ಪೆಟ್ಟಿಗೆಯ ಸುತ್ತ ಐದಾರು ಗಿರಾಕಿಗಳು. ಚಾಚಾ ಎದ್ದು ನಿಂತು, "ವಾಚ್ ಹೊಸಾದ್ರಿ. ಗೀರು ನನ್ ಕೈಲೆ ಬಿದ್ದೈತಿ" ಎಂದರು. ಅವರ ಪಾಲಿನದನ್ನು ಅವರು ಒಪ್ಪಿಕೊಂಡಾಗಿತ್ತು.

ಸೋದರಮಾವ ನಂಬಲಿಲ್ಲ. "ಇಷ್ಟು ವರ್ಷದ ಕಸಬಿನವ ಗೀರು ಹಾಕುದುಂಟಾ? ನೀವಿಬ್ಬರು ಸೇರಿ ನಾಟಕ ಮಾಡುದಾ?"

ಆಗ ನಾನು ಕೂಗಿದೆ. ಎಲ್ಲರಿಗೂ ತಿಳಿಯಲಿ ಎಂಬಂತೆ ಹಿಂದಿಯಲ್ಲೇ ಕೂಗಿದೆ. ಇವರ ಕೈ ನಡುಗುತ್ತದೆ, ವರ್ಷದಿಂದ ನಡುಗುತ್ತಿದೆ, ಬೇಕಾದರೆ ನೋಡಿ ಎಂದೆ.

ಚಾಚಾ ನನ್ನ ಮುಖ ನೋಡಲಿಲ್ಲ. ಬಲಗೈಯನ್ನು ನಿಧಾನವಾಗಿ ಪೆಟ್ಟಿಗೆಯ ಮೇಲೆ ಚಾಚಿ ಹಿಡಿದರು. ಅದು ನಡುಗುತ್ತಿತ್ತು. ಸೋದರಮಾವನಿಗೆ ಸಮಾಧಾನವಾಯಿತು. ಹಿಂದೆ ನಿಂತಿದ್ದ ಒಬ್ಬ ಮೆಲ್ಲಗೆ, "ಚಾಚಾ, ಮೇರಾ ವಾಚ್ ವಾಪಸ್ ದೇ ದೋ" ಎಂದು ತಾನು ಕೊಟ್ಟಿದ್ದ ವಾಚನ್ನು ಹಿಂದಕ್ಕೆ ಕೇಳಿದ.

ಮದುವೆ ಸಾಂಗವಾಗಿ ನಡೆಯಿತು. ಚಾಚಾನ ಹತ್ತಿರ ಆಮೇಲೆ ಯಾರೂ ವಾಚು ಕೊಡಲಿಲ್ಲ. ಕೆಲವು ತಿಂಗಳು ಅವರು ಖಾಲಿ ಪೆಟ್ಟಿಗೆಯ ಗಾಜು ಒರೆಸುತ್ತ ಕೂತಿರುತ್ತಿದ್ದರು. ನಾನು ಸುತ್ತು ಬಳಸಿ ಮನೆಗೆ ಹೋಗತೊಡಗಿದೆ. ಒಮ್ಮೆ ಮಾತ್ರ ಮನಸ್ಸು ಗಟ್ಟಿ ಮಾಡಿ ಎದುರು ನಿಂತೆ. "ತಂಗಿ ಆರಾಮದಾಳ್ರಿ?" ಎಂದು ಕೇಳಿದರು. ಹೌದೆಂದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಗುಡ್ಡದ ಮೇಲಿದ್ದ ಅವರ ಖೋಲಿಯನ್ನು ಹುಡುಕಿಕೊಂಡು ಹೋದೆ. ನನ್ನ ಮಾತು ಕೇಳುತ್ತಲೇ ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು. ಬೈಯಲಿ, ಕದ ಹಾಕಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ನೀವ ಏನ್ರಿ ಆ ರಾಯರು? ನಾವು ನಿಮಗ ಬೈದ್ರ ಅವ್ರು ಸಿಟ್ಟಾಗ್ತಿದ್ರು. ರಾಯರು ಸುಳ್ಳೇನ್ ಹೇಳ್ಯಾರ ಅಂತಿದ್ರು."

ಸುಳ್ಳು ಹೇಳಿರಲಿಲ್ಲ, ನಿಜ. ನಾನು ಜೀವನದಲ್ಲಿ ಮಾಡಿದ ಅತಿ ದೊಡ್ಡ ಕೇಡು ಒಂದು ನಿಜವನ್ನು ಹೇಳಿದ್ದು. ಮಗಳು ಒಳಗಿನಿಂದ ಚಹಾ ತಂದು ಮುಂದಿಟ್ಟಳು. ಬೇಡವೆಂದು ಎದ್ದು ಬರುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಕುಡಿದೆ.