ಮೇಲಿನ ಸಾಲು ನೋಡು ಎಂದವರು

ರಾತ್ರಿ ಊಟ ಮುಗಿಸಿ ಏಳುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಕರೆಗಂಟೆಯಿದ್ದ ಬಾಗಿಲನ್ನು ಯಾರೋ ಅಂಗೈಯಿಂದ ತಟ್ಟುತ್ತಿದ್ದರು. ತೆರೆದೆ. ಓಂಕಾರಮೂರ್ತಿಯವರು ನಿಂತಿದ್ದರು. ಕೊಡೆ ಮಡಿಸಿದಂತೆಯೇ ಕಂಕುಳಲ್ಲಿತ್ತು, ತಲೆಯಿಂದ ನೀರು ಇಳಿಯುತ್ತಿತ್ತು. ತಮ್ಮ ಬಲಗೈಯನ್ನು ಎಡಗೈಯಿಂದ, ಅದು ಬೇರೆ ಯಾರದೋ ಎಂಬಂತೆ, ಬಿಗಿಯಾಗಿ ಹಿಡಿದುಕೊಂಡಿದ್ದರು. ಒಳಗೆ ಬನ್ನಿ ಎಂದೆ. ಬರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಗಣಕ ಶಿಕ್ಷಣದ ಚರಿತ್ರೆಯನ್ನು ಯಾರಾದರೂ ಬರೆಯಲು ಕುಳಿತರೆ, ಅದರಲ್ಲಿ ಪ್ರಾಧ್ಯಾಪಕರ ಹೆಸರುಗಳೂ ಪ್ರಾಂಶುಪಾಲರ ಹೆಸರುಗಳೂ ಸಾಲಾಗಿ ಬಂದಾವು. ಪ್ರಯೋಗಾಲಯದ ಬೋಧಕರೊಬ್ಬರ ಹೆಸರು ಅಡಿಟಿಪ್ಪಣಿಯಲ್ಲಿಯೂ ಕಾಣಿಸಿಕೊಳ್ಳುವುದು ಅನುಮಾನ. ಆದರೆ ಮೂಡಿಗೆರೆ, ಆಲ್ದೂರು, ಕಳಸದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಬಂದು, ಕೀಲಿಮಣೆಯನ್ನು ಮೊದಲ ಬಾರಿಗೆ ಮುಟ್ಟಿದ ಎಷ್ಟೋ ತಲೆಮಾರಿನ ಮಕ್ಕಳನ್ನು ಕೇಳಿದರೆ ಅವರು ಹೇಳುವ ಹೆಸರು ಒಂದೇ. ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಓಂಕಾರಮೂರ್ತಿಯವರಿಗೆ ಅಭಿನಂದನ ಗ್ರಂಥವೊಂದನ್ನು ಸಮರ್ಪಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದಾಗ ಅವರು ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು. ಧನ್ಯಾ ಎಂಬ ವಿದ್ಯಾರ್ಥಿನಿಯ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು, ಮತ್ತು ಅದನ್ನು ವಿಚಾರಣಾ ಸಮಿತಿಯಲ್ಲಿದ್ದ ಕನ್ನಡ ಅಧ್ಯಾಪಕನಾದ ನಾನೇ ಬರೆಯಬೇಕು. ಹೊಗಳಿಕೆಗೆ ಮೀಸಲಾದ ಪುಟಗಳಲ್ಲಿ ಇಂಥದ್ದನ್ನು ಬರೆಯುವ ದುಃಖ ನನ್ನ ಪಾಲಿಗೆ ಬಂದದ್ದು ಹೀಗೆ.

ಆಲ್ದೂರಿನ ವರ್ತಕರ ಮನೆತನದಲ್ಲಿ ಹುಟ್ಟಿದ ಓಂಕಾರಮೂರ್ತಿಯವರು ಕಾಲೇಜಿಗೆ ಸೇರಿದ ವರ್ಷವೇ, ಕಾಫಿಯ ಹೂವು ಅರಳಿಸುವ ಬೇಸಿಗೆ ಮಳೆಯ ಜೊತೆ ಬಂದ ಒಂದು ಸಿಡಿಲು ಅರ್ಧ ಪ್ರಯೋಗಾಲಯವನ್ನು ಸುಟ್ಟುಹಾಕಿತು. ಹೊಸ ಯಂತ್ರಗಳು ಬರುವ ತನಕ ಮಕ್ಕಳು ಕರಿಹಲಗೆಯ ಮೇಲೆ ಪ್ರೋಗ್ರಾಂ ಬರೆದು ಕಲಿತರು. ಮೋಡ ಗುಡುಗಿದರೆ ಟಿ.ವಿ.ಯ ಪ್ಲಗ್ಗನ್ನೂ ಫೋನಿನ ತಂತಿಯನ್ನೂ ಕಿತ್ತಿಡುವುದು ಈ ಗುಡ್ಡಗಳ ಮನೆಮನೆಯ ಪದ್ಧತಿ. ಆ ಸಿಡಿಲಿನ ನಂತರ ಓಂಕಾರಮೂರ್ತಿಯವರು ಅದನ್ನು ಕಾಲೇಜಿಗೂ ತಂದರು. ದೂರದಲ್ಲಿ ಗುಡುಗು ಕೇಳಿದರೂ ಸಾಕು, ಪಾಠವನ್ನು ನಡುವೆಯೇ ನಿಲ್ಲಿಸಿ, ವರಾಂಡದ ಬೋರ್ಡಿನಲ್ಲಿದ್ದ ಮುಖ್ಯ ಸ್ವಿಚ್ಚನ್ನು, ಯುಪಿಎಸ್ಸಿನ ಸಂಪರ್ಕವೂ ಸೇರಿದಂತೆ, ಇಳಿಸಿಬಿಡುತ್ತಿದ್ದರು. ಆ ಮೇಲೆ ಒಂದು ಯಂತ್ರವೂ ಸಿಡಿಲಿಗೆ ಸುಡಲಿಲ್ಲ. ಇದನ್ನು ಅವರ ಮೊದಲ ಉಪಕಾರವೆಂದು ನಾನು ಎಣಿಸುತ್ತೇನೆ.

ಎರಡನೆಯದು ಇನ್ನೂ ಮೃದುವಾದದ್ದು. ಪ್ರೋಗ್ರಾಂ ಬರೆಯುವ ತಂತ್ರಾಂಶದಲ್ಲಿ ಕಡತ ತೆರೆದು, ಹೆಸರಿಟ್ಟು, ಬರೆದದ್ದನ್ನು ಓಡುವ ಪ್ರೋಗ್ರಾಂ ಆಗಿ ಸಿದ್ಧಪಡಿಸುವ ಕಂಪೈಲರಿಗೆ ದಾರಿ ತೋರಿಸುವಷ್ಟರಲ್ಲಿಯೇ ಹಳ್ಳಿಯ ಮಕ್ಕಳು ಬೆವರುವುದನ್ನು ಕಂಡು, ಪರೀಕ್ಷೆಯ ದಿನ ಪ್ರತಿ ಯಂತ್ರದಲ್ಲಿಯೂ ಎಲ್ಲ ಸಿದ್ಧಪಡಿಸಿದ ಒಂದು ಕಡತವನ್ನು ಅವರೇ ತೆರೆದಿಡುತ್ತಿದ್ದರು. ಮಕ್ಕಳು ಅದರೊಳಗಿನ ಹಿಂದಿನ ಬರಹವನ್ನು ಅಳಿಸಿ ತಮ್ಮದನ್ನು ಬರೆದರಾಯಿತು. "ಎಲೆ ಹಾಕಿಟ್ಟಿದೀನಿ ಕಣ್ರೋ, ಬಡಿಸ್ಕೊಂಡು ಉಣ್ಣೋದು ನಿಮ್ಮ ಕೆಲಸ" ಎನ್ನುವುದು ಅವರ ಮಾಮೂಲಿ ಮಾತು.

ದೋಷ ಹುಡುಕುವುದರಲ್ಲಿ ಅವರ ತಾಳ್ಮೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಒಮ್ಮೆ ಒಬ್ಬ ಹುಡುಗಿಯ ಪ್ರೋಗ್ರಾಂ ಸಿದ್ಧವಾದ ಕ್ಷಣವೇ ಮಾಯವಾಗುತ್ತಿತ್ತು. ಎಲ್ಲರೂ ಅವಳ ಕೈಗುಣವೆಂದು ನಕ್ಕರು. ವೈರಸ್ ಹಿಡಿಯಲು ಇಟ್ಟಿದ್ದ ಕಾವಲು ತಂತ್ರಾಂಶವೇ ಆ ಹಸುಗೂಸನ್ನು ಕಳ್ಳನೆಂದು ಬಗೆದು ಎತ್ತಿಕೊಂಡು ಹೋಗುತ್ತಿದೆಯೆಂದು ಕಂಡುಹಿಡಿದವರು ಇವರು. ಕಂಪೈಲರು ಇಂಥ ಸಾಲಿನಲ್ಲಿ ತಪ್ಪಿದೆಯೆಂದು ಕೆಂಪು ಗುರುತು ತೋರಿಸಿದಾಗ ಮಕ್ಕಳು ಆ ಸಾಲನ್ನೇ ದಿಟ್ಟಿಸುತ್ತಾ ಕೂರುವರು. ಓಂಕಾರಮೂರ್ತಿಯವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ಅದು ಬೆರಳು ತೋರಿಸ್ತಿರೋದು ತಾನು ಎಡವಿದ ಜಾಗನ. ಕಲ್ಲು ಇರೋದು ಹಿಂದೆ. ಮೇಲಿನ ಸಾಲು ನೋಡು" ಎನ್ನುತ್ತಿದ್ದರು. ನೋಡಿದರೆ ಅಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋಗಿರುತ್ತಿತ್ತು.

ನಾಲ್ಕು ವರ್ಷಗಳ ಹಿಂದಿನ ಏಪ್ರಿಲ್ಲಿನಲ್ಲಿ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ ನಡೆಯಿತು. ಬೆಳಗಿನ ತಂಡದಲ್ಲಿ ಕಿಟಕಿಯ ಪಕ್ಕದ ಯಂತ್ರದಲ್ಲಿ ಕುಳಿತವನು ಲಿಖಿತ್. ಮಧ್ಯಾಹ್ನದ ತಂಡದಲ್ಲಿ ಅದೇ ಯಂತ್ರದ ಮುಂದೆ ಕುಳಿತವಳು ಕಳಸದ ಧನ್ಯಾ. ಚೀಟಿ ಎತ್ತಿದಾಗ ಇಬ್ಬರಿಗೂ ಒಂದೇ ಪ್ರಶ್ನೆ ಬಂದಿತ್ತು. ಉತ್ತರದ ತಲೆಯಲ್ಲಿ ಪರೀಕ್ಷಾರ್ಥಿಯ ನೋಂದಣಿ ಸಂಖ್ಯೆ ಮೂಡಬೇಕೆಂಬುದು ನಿಯಮ. ಧನ್ಯಾ ಬರೆದಳು, ಓಡಿಸಿದಳು. ತೆರೆಯ ಮೇಲೆ ಸರಿಯಾದ ಉತ್ತರ ಬಂತು. ಅದರ ತಲೆಯ ಮೇಲೆ ಲಿಖಿತ್‌ನ ಸಂಖ್ಯೆ ಇತ್ತು. ಅವಳು ತಿದ್ದಿದಳು, ಮತ್ತೆ ಓಡಿಸಿದಳು, ಬೇಕೆಂದೇ ತಪ್ಪು ಬರೆದೂ ಓಡಿಸಿದಳು. ಏನು ಬರೆದರೂ ಅದೇ ಉತ್ತರ, ಅದೇ ಸಂಖ್ಯೆ. ಹೊರ ಊರಿನಿಂದ ಬಂದಿದ್ದ ಪರೀಕ್ಷಕರು ಬೆನ್ನ ಹಿಂದೆ ಬಂದು ನಿಂತರು. ಪರೀಕ್ಷೆ ಆರಂಭವಾದ ಮೇಲೆ ಬೋಧಕರು ಯಂತ್ರ ಮುಟ್ಟುವಂತಿಲ್ಲವಾದ್ದರಿಂದ ಓಂಕಾರಮೂರ್ತಿಯವರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

"ನಾನು ಬರೆದಿದ್ದೇ ಬೇರೆ ಸರ್, ಇದು ತೋರಿಸ್ತಿರೋದೇ ಬೇರೆ," ಎಂದಳಂತೆ ಧನ್ಯಾ. ಬರೆದದ್ದು ತೋರಿಕೆಗೆ, ಓಡಿಸಿದ್ದು ಲಿಖಿತ್ ಕೊಟ್ಟುಹೋದದ್ದನ್ನು ಎಂದು ಪರೀಕ್ಷಕರು ವರದಿ ಬರೆದರು. ಇಬ್ಬರ ಫಲಿತಾಂಶವನ್ನೂ ತಡೆಹಿಡಿಯಲಾಯಿತು.

ಮರುದಿನ ಓಂಕಾರಮೂರ್ತಿಯವರು ಸಮಿತಿಯ ಎದುರಿಗೆ ಆ ಯಂತ್ರವನ್ನು ತೆರೆದರು. ಧನ್ಯಾಳ ಬರಹದ ಕಡತವನ್ನು ತೋರಿಸಿ, ಅದು ಉಳಿಸಲ್ಪಟ್ಟ ದಿನಾಂಕವನ್ನು ನಮಗೆ ಓದಿ ಹೇಳಿದರು. ಅದು ಧನ್ಯಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದ ಕಾಲದ ದಿನಾಂಕ. ಕಿಟಕಿಯ ತೇವಕ್ಕೆ ಆ ಯಂತ್ರದೊಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತಿತ್ತು. ವಿದ್ಯುತ್ತು ಪೂರ್ತಿ ಕಡಿದುಹೋದರೆ ಅದರ ಗಡಿಯಾರ ಹಳೆಯ ಕಾಲಕ್ಕೆ ಜಾರುತ್ತಿತ್ತು. ಪ್ರತಿ ಬೆಳಿಗ್ಗೆ ತಮ್ಮ ಕೈಗಡಿಯಾರ ನೋಡಿ ಅದನ್ನು ಸರಿಪಡಿಸುತ್ತಿದ್ದವರು ಅವರೇ. ಆ ದಿನವೂ ಬೆಳಿಗ್ಗೆ ಸರಿಪಡಿಸಿದ್ದರು. ಕಂಪೈಲರನ್ನು ಓಡಿಸುವ ತಂತ್ರಾಂಶ ದಿನಾಂಕಗಳನ್ನು ಹೋಲಿಸಿ ನೋಡುತ್ತದೆ. ಬರಹ ಹಳೆಯದು, ಸಿದ್ಧ ಪ್ರೋಗ್ರಾಂ ಹೊಸದು ಎಂದು ಕಂಡರೆ ಹೊಸದಾಗಿ ಮಾಡುವುದೇನೂ ಇಲ್ಲವೆಂದು ಕೆಳಗೆ ಸಣ್ಣಕ್ಷರದಲ್ಲಿ ತಿಳಿಸಿ, ಇದ್ದದ್ದನ್ನೇ ಓಡಿಸುತ್ತದೆ. ಬೆಳಿಗ್ಗೆ ಲಿಖಿತ್ ಸಿದ್ಧಪಡಿಸಿದ್ದ ಪ್ರೋಗ್ರಾಂ ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಉಳಿದಿತ್ತು. ಆ ಮಗುವನ್ನು ಎಂಜಲೆಲೆಯ ಮುಂದೆ ಕೂರಿಸಿದ್ದೇವೆ ಎಂದು ಅವರು ತಲೆ ತಗ್ಗಿಸಿದರು.

ಸಮಿತಿಯ ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದರು. ಗಡಿಯಾರವನ್ನು ಪರೀಕ್ಷಾರ್ಥಿಯೇ ಹಿಂದಕ್ಕೆ ತಿರುಗಿಸಬಹುದಲ್ಲವೇ? ತಿರುಗಿಸಬಹುದು ಎಂದು ಓಂಕಾರಮೂರ್ತಿಯವರು ಒಪ್ಪಬೇಕಾಯಿತು. ಹಾಗಾದರೆ ಮಧ್ಯಾಹ್ನ ವಿದ್ಯುತ್ತು ಕಡಿದದ್ದು ನಿಜವೆಂದು ತೋರಿಸಿ ಎಂದರು ಅಧ್ಯಕ್ಷರು. ಊಟದ ಹೊತ್ತಿನಲ್ಲಿ ನಾಲ್ಕು ಗುಡುಗು ಗುಡುಗಿ ಮಳೆ ಬಂದದ್ದು ಹೌದು. ಆದರೆ ಊರಿನಲ್ಲಿ ಕರೆಂಟು ಹೋಗಿರಲಿಲ್ಲ, ಎದುರಿನ ಜೆರಾಕ್ಸ್ ಅಂಗಡಿ ನಿಲ್ಲದೆ ನಡೆದಿತ್ತು. ಯಂತ್ರಗಳನ್ನೆಲ್ಲ ಆರಿಸಿ ಪ್ರಯೋಗಾಲಯಕ್ಕೆ ಬೀಗ ಹಾಕಲಾಗಿತ್ತು. ಉಳಿದದ್ದು ವರಾಂಡದ ಸ್ವಿಚ್ಚು. ಅದನ್ನು ಇಳಿಸಿದವರು ಯಾರೆಂಬ ಹೆಸರೊಂದು ಬೇಕು. ಹೆಸರು ಸಿಕ್ಕರೆ ಹುಡುಗಿ ನಿರ್ದೋಷಿ, ಸಿಗದಿದ್ದರೆ ವರದಿಯೇ ಖಾಯಂ.

ಅಟೆಂಡರ್ ಸೋಮಶೇಖರಪ್ಪನವರನ್ನು ಕರೆಸಿದರು. ಊಟವಾದ ಮೇಲೆ ಬೀಗ ತೆರೆಯಲು ಬಂದಾಗ ಸ್ವಿಚ್ಚು ಕೆಳಗಿತ್ತೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಏರಿಸಿದವನೇ ಇಳಿಸಿರಬೇಕೆಂದು ಸಮಿತಿ ಅವರನ್ನು ಮತ್ತೆ ಮತ್ತೆ ಕೆದಕಿತು.

"ಏರ್ಸಿದ್ದು ನಾನೇ ಸ್ವಾಮಿ," ಎಂದರು ಸೋಮಶೇಖರಪ್ಪ. "ಇಳ್ಸಿದ್ದು ನಾನಲ್ಲ. ಸುಳ್ಳು ಹೇಳೋನಾಗಿದ್ರೆ ಏರ್ಸಿದ್ದನ್ನೂ ಹೇಳ್ತಿರ್ಲಿಲ್ಲ, ಅಲ್ವಾ?"

ಆ ಮೇಲಿನ ದಿನಗಳಲ್ಲಿ ಓಂಕಾರಮೂರ್ತಿಯವರು ಕಾಲೇಜಿನಲ್ಲಿ ಯಾರನ್ನೂ ಬಿಡಲಿಲ್ಲ. ಕಚೇರಿಯವರನ್ನು, ಗ್ರಂಥಾಲಯದವರನ್ನು, ತೋಟದ ಕೆಲಸದವನನ್ನು ಕೇಳಿದರು. ಊಟದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿಯೇ ಕುಳಿತಿದ್ದ ನನ್ನನ್ನೂ ಕೇಳಿದರು. ಆ ದಿನ ಪರೀಕ್ಷಕರಿಗೆ ಮಜ್ಜಿಗೆ ಸಾಲದೆ ಬಂದಾಗ, ಬಡಿಸುವವರನ್ನು ಕಾಯದೆ ತಾವೇ ಎದ್ದು ವರಾಂಡ ದಾಟಿ ಕ್ಯಾಂಟೀನಿಗೆ ಹೋಗಿ ತಂದುಕೊಟ್ಟವರು ಅವರು. ದಾರಿಯಲ್ಲಿ ಯಾರನ್ನಾದರೂ ಕಂಡಿರಾ ಎಂದು ನಾನು ಕೇಳಿದೆ. ಬಹಳ ಹೊತ್ತು ಯೋಚಿಸಿ, ಒಂದು ನರಪಿಳ್ಳೆಯೂ ಇರಲಿಲ್ಲ ಎಂದರು.

ಹೆಸರು ಸಿಗಲಿಲ್ಲ. ಅದಿಲ್ಲದೆ ಸೋಮಶೇಖರಪ್ಪನವರ ಮಾತೊಂದನ್ನೇ ಸಾಕ್ಷಿಯೆಂದು ಸಮಿತಿ ಒಪ್ಪಲಿಲ್ಲ. ಲಿಖಿತ್‌ನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಧನ್ಯಾಳನ್ನು ಒಂದು ವರ್ಷ ಪರೀಕ್ಷೆಯಿಂದ ಹೊರಗಿಟ್ಟರು. ಆದೇಶ ಓದಿಕೊಂಡು ಅವಳು ಕಳಸದ ಬಸ್ಸು ಹತ್ತಿದಾಗ, ಹಿಂದಿನ ಸೀಟಿನಿಂದ ಯಾರೋ ಹುಡುಗರು "ಲಿಖಿತನ ಎಲೇಲಿ ಉಂಡೋಳು ಬಂದ್ಲು, ಜಾಗ ಬಿಡ್ರೋ" ಎಂದರಂತೆ. ಬಸ್ಸೆಲ್ಲ ನಕ್ಕಿತಂತೆ. ಪ್ರೀತಿಯಿಂದ ಹುಟ್ಟಿದ ಮಾತೊಂದು ಹಾಗೆ ಊರೂರು ತಿರುಗಿತು. ಅದನ್ನು ಕೇಳಿದ ದಿನದಿಂದ ಓಂಕಾರಮೂರ್ತಿಯವರು ಎಲೆಯ ಮಾತನ್ನು ಮತ್ತೆ ಆಡಿದ್ದನ್ನು ನಾನು ಕಂಡಿಲ್ಲ.

ಆದೇಶ ಹೊರಟ ಮೇಲೆ, ಮುಂಗಾರು ಹಿಡಿಯುವುದಕ್ಕೆ ಮೊದಲಿನ ಗುಡುಗಿನ ದಿನಗಳಲ್ಲಿ, ಒಂದು ರಾತ್ರಿ ಅವರು ನನ್ನ ಬಾಗಿಲು ತಟ್ಟಿದರು. ಆ ರಾತ್ರಿ ಅವರು ಹೇಳಿದ ಹೆಸರು ಮರುದಿನವೇ ಸಮಿತಿಗೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಯಿತು. ಮುಗಿದ ಪ್ರಕರಣವನ್ನು ಮತ್ತೆ ತೆರೆಯಲು ಅವಕಾಶವಿಲ್ಲವೆಂಬ ಉತ್ತರ ಬಂತು. ಇಬ್ಬರೂ ಕಳಸಕ್ಕೆ ಹೋದೆವು. ಬಸ್ ನಿಲ್ದಾಣದ ಬಳಿಯ ಬಟ್ಟೆ ಅಂಗಡಿಯಲ್ಲಿ ಧನ್ಯಾ ಸೀರೆ ಮಡಿಸುತ್ತಿದ್ದಳು. ಓಂಕಾರಮೂರ್ತಿಯವರು ನಿಂತೇ ಎಲ್ಲವನ್ನೂ ಹೇಳಿದರು. ಅವಳು ಮಡಿಸುತ್ತಿದ್ದ ಸೀರೆಯನ್ನು ಪೂರ್ತಿ ಮಡಿಸಿ ಬದಿಗಿಟ್ಟಳು.

"ಹೆಸರು ಸಿಕ್ತಲ್ಲ, ಸಾಕು ಸರ್. ನಾನೇ ಏನೋ ಒತ್ತಿಬಿಟ್ನೇನೋ ಅಂತ ದಿನಾ ಅನ್ನಿಸ್ತಿತ್ತು," ಎಂದಳು. ಮುಂದಿನ ವರ್ಷ ಬಂದು ಪರೀಕ್ಷೆ ಬರಿ ತಾಯಿ ಎಂದಾಗ ಅವಳು ತಲೆಯಾಡಿಸಿದಳು. "ಕೀಬೋರ್ಡ್ ಮುಂದೆ ಕೂತ್ರೆ ಬೆರಳು ತಣ್ಣಗಾಗತ್ತೆ ಸರ್. ನೀವು ಕಾಫಿ ಕುಡ್ಕೊಂಡ್ ಹೋಗಿ."

ಆಮೇಲೆ ಪ್ರತಿ ವರ್ಷ ಪರೀಕ್ಷಾ ಶುಲ್ಕ ಕಟ್ಟುವ ಕಾಲಕ್ಕೆ ಓಂಕಾರಮೂರ್ತಿಯವರು ಕಳಸದ ಬಸ್ಸು ಹತ್ತುತ್ತಾರೆ. ಸಂಜೆ ಒಬ್ಬರೇ ಇಳಿಯುತ್ತಾರೆ. ಅವರ ಹುದ್ದೆಗೆ ಇನ್ನು ಯಾರನ್ನೂ ನೇಮಿಸುವುದಿಲ್ಲವಂತೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಮೇಲಿನ ಸಾಲು ನೋಡು ಎನ್ನುವವರು ಇಲ್ಲದ ಪ್ರಯೋಗಾಲಯದಲ್ಲಿ ಮುಂದಿನ ಮಕ್ಕಳು ಕೆಂಪು ಗುರುತನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಇಂಥ ಗ್ರಂಥದಲ್ಲಿ ದೀರ್ಘಾಯುಷ್ಯವನ್ನು ಹಾರೈಸಬೇಕು. ಮೋಡ ಕವಿದಾಗಲೆಲ್ಲ ಕೈಗಳನ್ನು ಜೇಬಿನೊಳಗೆ ಅದುಮಿಕೊಂಡು ಕೂರುವ ಮನುಷ್ಯನಿಗೆ ಹೆಚ್ಚಿನ ಮಳೆಗಾಲಗಳನ್ನು ಹಾರೈಸಲು ನನ್ನ ಲೇಖನಿ ಹಿಂಜರಿಯುತ್ತದೆ. ಆದರೂ ಅವರು ಬಹುಕಾಲ ಬಾಳಲಿ. ದೋಷ ಹುಡುಕುವ ಆ ಕಣ್ಣು ಮತ್ತೆ ಒಂದು ಮಗುವಿನ ಪಕ್ಕದಲ್ಲಿ ಕೂರಲಿ. ಗುಡುಗಿಲ್ಲದ ಮಳೆ ಅವರ ಪಾಲಿಗೆ ಬರಲಿ. ಒಂದು ಸಂಜೆಯಾದರೂ ಕಳಸದ ಬಸ್ಸಿನಿಂದ ಅವರ ಹಿಂದೆ ಇನ್ನೊಬ್ಬರು ಇಳಿಯಲಿ.

ಇನ್ನು ಉಳಿದದ್ದು ಅವರ ಷರತ್ತಿನ ಕೊನೆಯ ಭಾಗ. ಆ ರಾತ್ರಿ ಹೊಸ್ತಿಲಾಚೆಯೇ ನಿಂತು ಅವರು ಹೀಗೆ ಹೇಳಿದರು.

"ಸಂಜೆ ಗುಡುಗ್ತು ಮಾರಾಯ್ರೆ. ಗುಡುಗು ನಿಂತ ಮೇಲೆ ನೋಡಿದ್ರೆ ಸ್ವಿಚ್ ಇಳಿದಿತ್ತು. ಬೋರ್ಡಿನ ಮುಂದೆ ಒಬ್ಬ ನಿಂತಿದ್ದ, ಕೈ ಇನ್ನೂ ಅದರ ಮೇಲೇ ಇತ್ತು. ಎದ್ದು ಬಂದಿದ್ದು, ನಡೆದಿದ್ದು, ಇಳಿಸಿದ್ದು ಒಂದೂ ಅವನಿಗೇ ಗೊತ್ತಿಲ್ಲ. ಅವತ್ತು ಮಜ್ಜಿಗೆಗೆ ಹೋದಾಗ್ಲೂ ಗೊತ್ತಾಗಿರ್ಲಿಲ್ಲ. ಸಮಿತಿಯವ್ರು ಹೆಸರು ಕೇಳಿದ್ರಲ್ಲ ಶಶಿಧರ್ ಅವ್ರೆ, ಬರ್ಕೊಳ್ಳಿ."

ನಾನು ಪೆನ್ನು ಹುಡುಕಿ ತಂದೆ. ಅವರೇ ಹೇಳಿದರು.

"ಓಂಕಾರಮೂರ್ತಿ."