ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಶಾಲೆಯಲ್ಲಿ ಕಲಿತವರೆಲ್ಲ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಬೆನ್ನ ಹಿಂದಿನ ಮಾತು ಒಂದಲ್ಲ ಒಂದು ದಿನ ಮುಂದೆ ಬಂದೇ ಬರುತ್ತದೆ. ಅವಳಿಗೂ ಗೊತ್ತಾಗಿತ್ತು, ಬೇಸರವೇನೂ ಆಗಿರಲಿಲ್ಲ. ಶಾಲೆಯ ಪುಟ್ಟ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಅವಳ ಕಾಲಿಗೆ ಇನ್ನೊಂದು. ಕಲಿಯುವವರು ಗಾಬರಿಯಲ್ಲಿ ಆಕ್ಸಿಲರೇಟರನ್ನೇ ತುಳಿದಾಗ ಅವಳ ಬಲಗಾಲು ಅವಳನ್ನೂ ಕೇಳದೆ ಕೆಳಗಿಳಿಯುತ್ತಿತ್ತು. ಬಾಯಿ ಮಾತ್ರ ತಣ್ಣಗೆ, "ಪರವಾಗಿಲ್ಲ, ಮತ್ತೆ ಶುರು ಮಾಡಿ" ಎನ್ನುತ್ತಿತ್ತು. ಅವಳ ಚಪ್ಪಲಿಗಳಲ್ಲಿ ಬಲಗಾಲಿನದೇ ಯಾವಾಗಲೂ ಮೊದಲು ಸವೆಯುತ್ತಿತ್ತು. ಮೂಲೆಯಲ್ಲಿ ಚಪ್ಪಲಿ ಹೊಲಿಯುವವನು, "ಏನಕ್ಕ, ಒಂದೇ ಕಾಲಲ್ಲಿ ಓಡಾಡ್ತೀರಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದ.

ಕಾಲಿಗೆ ಈ ಅಭ್ಯಾಸ ಎಷ್ಟು ಅಂಟಿಕೊಂಡಿತ್ತೆಂದರೆ ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಲಿಫ್ಟಿನಲ್ಲಿ ನಿಂತರೂ ಒತ್ತುತ್ತಿತ್ತು. ಟೀವಿಯಲ್ಲಿ ಕಳ್ಳನ ಕಾರು ಜೋರಾಗಿ ಓಡಿದರೆ ಮನೆಯ ನೆಲವನ್ನೇ ಒತ್ತುತ್ತಿತ್ತು. ಶಾಲೆ ನಡೆಸುತ್ತಿದ್ದ ಗಂಡ ಅದನ್ನು ನೋಡಿ ನಗುತ್ತಿದ್ದ. "ಒತ್ಬೇಡ ಮಾರಾಯ್ತಿ, ಆ ಕಳ್ಳ ಸಿಕ್ಕಿಬೀಳ್ತಾನೆ!"

ಹೋದ ವರ್ಷ ಅವನು ಬೆಳಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದವನು ಅಲ್ಲೇ ಕುಸಿದ. ಪಕ್ಕದ ಮನೆಯವರು ಟ್ಯಾಕ್ಸಿ ತಂದರು. ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು, "ಬೇಗ ಹೋಗಿ, ಬೇಗ ಹೋಗಿ" ಎನ್ನುತ್ತಲೇ ಇದ್ದಳು. ಅರ್ಧ ದಾರಿಯಲ್ಲಿ ಕೆಳಗೆ ನೋಡಿದರೆ ಅವಳ ಬಲಗಾಲು ಟ್ಯಾಕ್ಸಿಯ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ತೆಗೆದಳು. ಮತ್ತೆ ಹೋಗಿ ಒತ್ತಿತು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಕಾಲಿನ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬ್ರೇಕು ಇರುವುದಿಲ್ಲವೆಂದು ಅವಳಿಗೆ ಯಾರಾದರೂ ಕಲಿಸಬೇಕೇ? ಆದರೂ ಬೇಗ ಹೋಗಬೇಕಿದ್ದ ಗಾಡಿಯನ್ನು ತಾನೇ ಹಿಡಿದು ನಿಲ್ಲಿಸಿದೆ ಎಂಬ ಒಂದು ಮಾತು ಒಳಗೆಲ್ಲೋ ಬಂದು ಕೂತಿತು. ಅದು ಕೂತ ಮೇಲೆ ಉಳಿದದ್ದೆಲ್ಲ ಮರಗಟ್ಟಿತು. ಅಳು ಬರಲಿಲ್ಲ. ನೆಂಟರು ಕಲ್ಲಿನಂಥವಳು ಎಂದರು. ಅವಳಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಇರುತ್ತದಲ್ಲ, ಮುಟ್ಟಿದರೆ ಇದೆ, ಆದರೆ ತನ್ನದಲ್ಲ, ಹಾಗಿತ್ತು.

ಶಾಲೆ ಮುಚ್ಚಿತು. ಕಾರು ಮಾರುವ ಮುಂಚೆ ಮೆಕ್ಯಾನಿಕ್ ಎರಡನೆಯ ಬ್ರೇಕಿನ ಪೆಡಲ್ ಬಿಚ್ಚಿ, ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. ಅತ್ತೆ ಅದನ್ನು ತಿರುಗಿಸಿ ನೋಡಿ ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿ ಇಟ್ಟರು. "ಇಷ್ಟು ವರ್ಷ ಗಾಡಿ ನಿಲ್ಸಿದೆ. ಇನ್ಮೇಲೆ ಬಾಗಿಲು ನಿಲ್ಸಲಿ."

ಮನೆಯಲ್ಲಿ ಇಬ್ಬರೇ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು. ಇಲ್ಲಿ ಕುಡಿಕೆಯೇ ಇರಲಿಲ್ಲ. ದೊಡ್ಡ ರಸ್ತೆಯ ಕಾರಿನ ಶೋರೂಮಿನಲ್ಲಿ, ಟೆಸ್ಟ್ ಡ್ರೈವ್‌ಗೆ ಬರುವ ಗಿರಾಕಿಗಳ ಪಕ್ಕ ಕೂತು ಗಾಡಿಯ ವಿಷಯ ಹೇಳುವವರು ಬೇಕಾಗಿದ್ದಾರೆಂದು ತಿಳಿದು ಅವಳು ಹೋದಳು. ಪಕ್ಕದ ಸೀಟಿನಲ್ಲಿ ಕೂರುವುದೊಂದೇ ಅವಳಿಗೆ ಬರುವ ಕೆಲಸ.

ಮ್ಯಾನೇಜರ್ ಟೈ ಕಟ್ಟಿದ, ಅವಳಿಗಿಂತ ಚಿಕ್ಕ ವಯಸ್ಸಿನವನು. ಮೊದಲ ದಿನ ತಾನೇ ಗಾಡಿ ಓಡಿಸಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ವಾಪಸ್ಸು ಬಂದ ಮೇಲೆ ಸ್ವಲ್ಪ ಹೊತ್ತು ಸ್ಟೇರಿಂಗ್ ಒರೆಸಿದ.

"ಮೇಡಂ, ನಿಮ್ಮ ಮಾತು ಚೆನ್ನಾಗಿದೆ, ಗಾಡಿ ಗೊತ್ತು. ತೊಂದರೆ ನಿಮ್ಮ ಕಾಲಿಂದು."

"ಕಾಲು?"

"ಸಿಗ್ನಲ್ ಬಂದಾಗೆಲ್ಲ ತುಳಿದ್ರಿ. ನನಗೇ ನಾನು ಗಾಡಿ ಓಡಿಸೋಕೆ ಬರದವನು ಅನ್ನಿಸಿಬಿಡ್ತು. ಇಷ್ಟು ದುಬಾರಿ ಗಾಡಿ ತಗೊಳೋಕೆ ಬಂದವರಿಗೆ ಹಾಗೆ ಅನ್ನಿಸಬಾರದು ಅಲ್ವಾ? ನಾಳೆ ಒಬ್ರು ಬರ್ತಾರೆ. ನಾನು ಹಿಂದೆ ಕೂತಿರ್ತೀನಿ. ಕಾಲು ಸುಮ್ಮನಿದ್ರೆ ಕೆಲಸ ನಿಮ್ದು. ಇಲ್ದಿದ್ರೆ, ಬೇಜಾರು ಮಾಡ್ಕೋಬೇಡಿ."

ಮಾರನೆಯ ದಿನ ಅವಳು ಶೋರೂಮಿನವರು ಹೇಳಿದಂತೆ ಹೊಸ ಕಪ್ಪು ಬೂಟು ಹಾಕಿಕೊಂಡು ಹೋದಳು. ಹಿಮ್ಮಡಿಯ ಹತ್ತಿರ ಅದು ಹಲಗೆಯಂತೆ ಗಟ್ಟಿಯಾಗಿತ್ತು. ಕೂತ ಕೂಡಲೇ ಬಲಗಾಲಿನ ಮೇಲೆ ಎಡಗಾಲನ್ನು ಹೇರಿ ಕೂರಬೇಕೆಂದು ದಾರಿಯಲ್ಲೇ ಯೋಚಿಸಿಟ್ಟುಕೊಂಡಿದ್ದಳು.

ಬಂದವರು ಔಷಧಿ ಅಂಗಡಿಯ ಯಜಮಾನರು ಮತ್ತು ಅವರ ಹೆಂಡತಿ. ಗಾಡಿ ಬೂದು ಬಣ್ಣದ್ದು. ಹೊರಗಿನಿಂದ ಗಿಡ್ಡಗೆ, ಮುದ್ದಾಗಿ ಕಾಣುತ್ತಿತ್ತು. ಹತ್ತಿ ಕೂತರೆ ಒಳಗೆ ಬೇಕಾದಷ್ಟು ಜಾಗ. ಬಾಗಿಲು ಹಾಕಿದಾಗ ಢಬ್ ಎನ್ನಲಿಲ್ಲ. ಬಟ್ಟೆ ತುಂಬಿದ ಕಪಾಟನ್ನು ಮುಚ್ಚಿದಂತೆ ಮೆತ್ತಗೆ ಕೂತುಕೊಂಡಿತು, ಅಷ್ಟಕ್ಕೇ ಬೀದಿಯ ಸದ್ದೆಲ್ಲ ನಿಂತುಹೋಯಿತು. ಎದುರಿನ ಬಸ್ ನಿಲ್ದಾಣದಲ್ಲಿ ಇಬ್ಬರು ಜಗಳವಾಡುತ್ತಿದ್ದರು. ಬಾಯಿ ತೆರೆಯುವುದು ಮುಚ್ಚುವುದು ಮಾತ್ರ ಕಾಣಿಸುತ್ತಿತ್ತು. ಹೊಸ ಚರ್ಮದ ವಾಸನೆ. ಎತ್ತರದ ಸೀಟು. ಮೊದಲ ಸಲ ಹತ್ತಿದವರೆಲ್ಲ ಈ ನಿಶ್ಶಬ್ದಕ್ಕೆ ಬೆರಗಾಗುತ್ತಾರೆಂದು ಮ್ಯಾನೇಜರ್ ಹೇಳಿಕೊಟ್ಟಿದ್ದ. ಅವಳಿಗೆ ಬೆರಗಾಗಲಿಲ್ಲ. ಒಂದು ವರ್ಷದಿಂದ ಅವಳು ಇಂಥ ಜಾಗದಲ್ಲೇ ಇದ್ದಳು.

"ಎಂಜಿನ್ ಶುರುವಾಯ್ತಾ?" ಎಂದರು ಯಜಮಾನರು, ಸ್ಟಾರ್ಟ್ ಗುಂಡಿ ಒತ್ತಿ.

"ಆಗಿದೆ ಸರ್."

"ಗೊತ್ತೇ ಆಗಲ್ವಲ್ಲ!"

"ನಿಮ್ಮ ಗೊರಕೆಗೂ ಹೀಗೊಂದು ಗುಂಡಿ ಇಟ್ಟಿದ್ರೆ ಚೆನ್ನಾಗಿತ್ತು," ಎಂದರು ಹಿಂದಿನಿಂದ ಹೆಂಡತಿ. ಅವರ ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ.

ಗಾಡಿ ಹೊರಟಿತು. ಅವಳು ಬಲಗಾಲಿನ ಮೇಲೆ ಎಡಗಾಲನ್ನಿಟ್ಟು, ಕಲಿತ ಪಾಠವನ್ನು ಒಂದೊಂದಾಗಿ ಹೇಳಿದಳು. ಸೀಟು ಬೆಚ್ಚಗಾಗುವ ಗುಂಡಿ ಇದು. ಹಿಂದಿನದು ಈ ಪರದೆಯಲ್ಲಿ ಕಾಣುತ್ತದೆ. ಅವಳ ದನಿ ಅವಳಿಗೇ ಪಕ್ಕದ ಕೋಣೆಯ ರೇಡಿಯೋದಂತೆ ಕೇಳುತ್ತಿತ್ತು. ಯಜಮಾನರು ರಸ್ತೆಯ ಹಳ್ಳಗಳನ್ನೇ ಹುಡುಕಿಕೊಂಡು ಹೋದರು. ಗಾಡಿ ಹಳ್ಳಕ್ಕಿಳಿದದ್ದೂ ಹತ್ತಿದ್ದೂ ತೊಟ್ಟಿಲು ತೂಗಿದಷ್ಟೇ.

"ನೋಡಿದ್ಯೇನೇ? ಹೊಟ್ಟೆಯೊಳಗಿನ ನೀರು ಅಲ್ಲಾಡಲಿಲ್ಲ!"

"ರೀ, ನಿಧಾನ. ಇನ್ನೂ ನಮ್ದಾಗಿಲ್ಲ ಗಾಡಿ."

"ನೀನು ಹಿಂದೆ ಕೂತೇ ಓಡಿಸ್ತೀಯಲ್ಲ, ನನಗ್ಯಾಕೆ ಸ್ಟೇರಿಂಗ್ ಕೊಟ್ರೋ."

ಮೊದಲ ಸಿಗ್ನಲ್ ಬಂತು. ಎಡಗಾಲ ಕೆಳಗೆ ಬಲಗಾಲು ಹಿಡಿದ ಇಲಿಯಂತೆ ಮಿಸುಕಿತು. ಅವಳು ಇನ್ನಷ್ಟು ಒತ್ತಿ ಹಿಡಿದಳು. ಗಾಡಿ ನಿಂತಿತು. ಎರಡನೆಯ ಸಿಗ್ನಲ್ಲೂ ದಾಟಿತು. ಕನ್ನಡಿಯಲ್ಲಿ ಮ್ಯಾನೇಜರ್ ಅವಳ ಮಂಡಿಯನ್ನೇ ನೋಡುತ್ತಿದ್ದ. ಶೋರೂಮಿಗೆ ತಿರುಗುವ ರಸ್ತೆ ಆಗಲೇ ಕಾಣಿಸುತ್ತಿತ್ತು. ಇನ್ನೇನು ಕೆಲಸ ಸಿಕ್ಕಂತೆಯೇ ಎಂದುಕೊಂಡಳು. ಹಾಗಂದುಕೊಂಡರೂ ಮನಸ್ಸಿಗೆ ಏನೂ ಅನ್ನಿಸಲಿಲ್ಲ.

ಅಲ್ಲಿ ಸಾಲಾಗಿ ಹಾಸಿಗೆ, ಮಂಚಗಳ ಅಂಗಡಿಗಳಿದ್ದವು. ಯಜಮಾನರು ಪರದೆಯ ಮೇಲೆ ಹಾಡು ಬದಲಾಯಿಸಲು ಬೆರಳಿಟ್ಟು, ಕಣ್ಣನ್ನೂ ಅಲ್ಲೇ ಇಟ್ಟರು. ನಿಂತಿದ್ದ ಎರಡು ವ್ಯಾನುಗಳ ಸಂದಿಯಿಂದ ತಲೆಯ ಮೇಲೆ ದೊಡ್ಡ ಹಾಸಿಗೆ ಹೊತ್ತ ಒಬ್ಬ ಮನುಷ್ಯ ರಸ್ತೆಗಿಳಿದ. ಹಾಸಿಗೆಯ ಎರಡು ಅಂಚು ಕಣ್ಣಿನ ಅಕ್ಕಪಕ್ಕ ಇಳಿಬಿದ್ದಿದ್ದವು. ಅವನಿಗೆ ಕಾಣುತ್ತಿದ್ದದ್ದು ಅವನ ಕಾಲ್ಬೆರಳು ಮಾತ್ರ.

ಬಲಗಾಲು ಎಡಗಾಲನ್ನು ಒದ್ದು ಎಸೆದು ನೆಲಕ್ಕೆ ಬಿತ್ತು.

ಗಾಡಿ ನಿಂತಿತು. ಬೆಲ್ಟು ಎದೆಗೆ ಹೊಡೆಯಿತು, ಪರದೆಯಲ್ಲಿ ಏನೋ ಕೆಂಪಗೆ ಮಿನುಗಿ ಕೂಗಿಕೊಂಡಿತು. ಗಾಡಿಯ ಮೂತಿಗೂ ಹಾಸಿಗೆಗೂ ನಡುವೆ ಒಂದು ಮೊಳವೂ ಇರಲಿಲ್ಲ. ಹೊತ್ತವನಿಗೆ ಇದೊಂದೂ ತಿಳಿಯಲಿಲ್ಲ. ಹಾಸಿಗೆಯನ್ನು ಒಮ್ಮೆ ಸರಿಮಾಡಿಕೊಂಡು, ಅದೇ ಹೆಜ್ಜೆಯಲ್ಲಿ ರಸ್ತೆ ದಾಟಿ ಹೋದ.

ಒಂದು ಉಸಿರಿನಷ್ಟು ಹೊತ್ತು ಅವಳು ತಾನೇ ನಿಲ್ಲಿಸಿದೆ ಎಂದು ನಂಬಿದಳು. ಪಾದದ ಕೆಳಗೆ ಹಳೆಯ ಪೆಡಲಿನ ತಣುಪು ತಗುಲಿದಂತೆಯೇ ಆಯಿತು.

"ನೋಡಿದ್ರಾ ಸರ್!" ಎಂದ ಮ್ಯಾನೇಜರ್. ಅವನ ದನಿ ಕೀರಲಾಗಿತ್ತು. "ಗಾಡಿ ತಾನೇ ಬ್ರೇಕ್ ಹಾಕ್ತು. ಮುಂದೆ ಯಾರಾದ್ರೂ ಬಂದ್ರೆ ಅದಕ್ಕೆ ಗೊತ್ತಾಗುತ್ತೆ."

"ನಿಮಗಿಂತ ಅದಕ್ಕೇ ಬುದ್ಧಿ ಜಾಸ್ತಿ," ಎಂದರು ಹೆಂಡತಿ. ಆದರೆ ಅವರ ಕೈ ಗಂಡನ ಹೆಗಲನ್ನು ಗಟ್ಟಿಯಾಗಿ ಹಿಡಿದಿತ್ತು.

ಯಜಮಾನರ ಮುಖ ಸುಣ್ಣದಂತಾಗಿತ್ತು. ಅವರು ಪರದೆಯನ್ನು ನೋಡಲಿಲ್ಲ. ಅವಳ ಚಾಚಿದ ಕಾಲನ್ನು ನೋಡಿದರು.

"ನೀವು ಹಾಕಿದ್ರಾ ಅಮ್ಮಾ?"

ಅವಳೂ ಕೆಳಗೆ ನೋಡಿದಳು. ಬೂದು ಕಾರ್ಪೆಟ್, ಅದರ ಮೇಲೆ ಕಪ್ಪು ಬೂಟು. ಬೇರೇನೂ ಇಲ್ಲ.

"ಇಲ್ಲ ಸರ್," ಎಂದಳು. "ನನ್ನ ಕಡೆ ಬ್ರೇಕ್ ಇಲ್ಲ."

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದಳು. "ನಾನು ಒತ್ತಿದ್ರೆ ಏನೂ ಆಗಲ್ಲ."

ಉಳಿದ ದಾರಿಯನ್ನು ಯಜಮಾನರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಹಾಡಿಲ್ಲದೆ ಓಡಿಸಿದರು. ಶೋರೂಮಿನಲ್ಲಿ ಹೆಂಡತಿ ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿದರು, "ಇದೇ ಇರಲಿ. ಇವರ ಕೈಗೆ ಬೇರೆ ಗಾಡಿ ಕೊಡೋಕೆ ನನಗೆ ಧೈರ್ಯ ಇಲ್ಲ."

ಅವರು ಹೋದ ಮೇಲೆ ಮ್ಯಾನೇಜರ್ ನೀರು ಕುಡಿಯುವ ಜಾಗಕ್ಕೆ ಬಂದ. ಅವಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು.

"ಕಾಲು ಬ್ರೇಕಿಗೆ ಹೋಯ್ತಲ್ಲ ಮೇಡಂ."

"ಹೋಯ್ತು."

"ನೋಡ್ದೆ." ಅವನು ಲೋಟವನ್ನು ಕೈಯಲ್ಲೇ ತಿರುಗಿಸಿದ. "ನಂದೂ ಹೋಯ್ತು. ಮುಂದಿನ ಸೀಟಿನ ಹಿಂದೆ ನನ್ನ ಬೂಟಿನ ಗುರುತು ಬಿದ್ದಿದೆ, ಈಗ ಒರೆಸಬೇಕು." ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡಿ. ನಾಳೆಯಿಂದ ಬನ್ನಿ."

ಅವಳು ಆಗಲಿ ಎಂದಳು. ಸಂತೋಷ ಬರಬಹುದೆಂದು ಬಸ್ ನಿಲ್ದಾಣದವರೆಗೂ ಕಾದಳು, ಬರಲಿಲ್ಲ. ಬಸ್ಸು ಬಂತು. ಪ್ರತಿ ನಿಲ್ದಾಣದಲ್ಲೂ ಅವಳ ಬಲಗಾಲು ಎಂದಿನಂತೆ ಒತ್ತಿತು. ಈ ಸಲ ಅವಳು ಅದನ್ನು ತಡೆಯಲಿಲ್ಲ. ಒತ್ತಿಕೊಳ್ಳಲಿ. ಬಸ್ಸು ತಾನು ನಿಲ್ಲಬೇಕಾದಲ್ಲಿ ನಿಂತಿತು, ಹೋಗಬೇಕಾದಷ್ಟು ವೇಗದಲ್ಲಿ ಹೋಯಿತು. ಅವಳು ಪ್ರತಿ ಸಲವೂ ಅದನ್ನು ಗಮನವಿಟ್ಟು ನೋಡಿದಳು.

ಮನೆಯ ಬಾಗಿಲು ಪೆಡಲಿಗೆ ಒರಗಿ ತೆರೆದೇ ಇತ್ತು. ಅತ್ತೆ ಬಟ್ಟೆ ಮಡಚುತ್ತಿದ್ದರು.

"ಏನಾಯ್ತೇ?"

"ಸಿಕ್ತು, ಅತ್ತೆ."

"ಸಿಕ್ತು ಅನ್ನೋ ಮುಖವಾ ಇದು? ಕಳ್ಕೊಂಡು ಬಂದವಳ ಹಾಗಿದ್ದೀಯ." ಅಷ್ಟರಲ್ಲಿ ಅವರ ಕಣ್ಣು ಕೆಳಗೆ ಹೋಯಿತು. "ಅಯ್ಯೋ, ಕಾಲಿಗೇನೇ ಆಯ್ತು?"

ಬಲಗಾಲಿನ ಬೂಟಿನ ಹಿಂಭಾಗದಲ್ಲಿ ಕಾಲುಚೀಲ ರಕ್ತದಲ್ಲಿ ನೆನೆದು ಒಣಗಿತ್ತು. ಅವಳು ನೋಡಿದಳು. ಅದು ಯಾವಾಗ ಆಯಿತೋ ತಿಳಿದಿರಲಿಲ್ಲ.

"ನೋವಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ."

ಅತ್ತೆ ಬೈಯುತ್ತಲೇ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ತಂದರು. ಬೇಡವೆಂದರೂ ಕೇಳದೆ ನೆಲಕ್ಕೆ ಕೂತು, ಬೂಟು ಕಿತ್ತು, ಕಾಲುಚೀಲ ಬಿಡಿಸಿ, ಸೊಸೆಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗಿಳಿಸಿದರು.

ಮೊದಲು ಏನೂ ಇರಲಿಲ್ಲ. ಆಮೇಲೆ ಹಿಮ್ಮಡಿಯಲ್ಲಿ ಸಣ್ಣಗೆ, ಎಲ್ಲೋ ದೂರದಲ್ಲಿ ಎಂಬಂತೆ, ಚುರುಕ್ ಎಂದಿತು.

"ಅತ್ತೆ, ಉರೀತಿದೆ."

"ಉರೀಲಿ," ಎಂದರು ಅತ್ತೆ, ಪಾದವನ್ನು ಬಿಡದೆ. "ಉರಿದ್ರೇನೇ ವಾಸಿ ಆಗೋದು."